ಕಂಬ ಹತ್ತುವ ಮೊದಲು

ಮಳೆ ನಿಂತಿದೆ, ಗಾಳಿ ನಿಂತಿಲ್ಲ. ಊರ್ಡಿಗೆರೆಯಾಚೆ, ದೇವರಾಯನದುರ್ಗದ ಕಾಡು ಶುರುವಾಗುವ ಕಡೆ ನೀವು ಕೆಸರಿನಲ್ಲಿ ನಿಂತಿದ್ದೀರಿ. ಮುರಿದು ಬಿದ್ದ ನೀಲಗಿರಿ ಕೊಂಬೆಯ ಘಾಟು ಮೂಗಿಗೆ ಬಡಿಯುತ್ತಿದೆ. ಗಮ್‌ಬೂಟಿನೊಳಗೆ ನೀರು ಪಚಪಚ. ಜೇಬಿನಲ್ಲಿ ಫೋನ್ ಬಿಡದೆ ನಡುಗುತ್ತಿದೆ. "ಅಣ್ಣಾ, ಕರೆಂಟ್ ಯಾವಾಗ?" ಒಂದು ಮಳೆಗೆ ಅಡಿಕೆಯ ಬುಡ ತಣಿಯುವುದಿಲ್ಲ. ರಾತ್ರಿ ಸಿಗುವ ಆ ಕೆಲವು ಗಂಟೆಗಳ ತ್ರೀ ಫೇಸ್‌ಗೆ ತೋಟದವರು ಮೋಟಾರ್ ಮನೆಯಲ್ಲೇ ಕಾದಿದ್ದಾರೆ.

ನೀವು ಪವರ್‌ಮ್ಯಾನ್. ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು. ಈ ಜನಕ್ಕೆ ನೀವು ಇವತ್ತಿಗೂ ಕೆಇಬಿಯವರೇ.

ಟ್ರಿಪ್ ಆದ ಲೈನು ಕಾಡಿನೊಳಗೆ ಹೋಗಿದೆ. ಟಾರ್ಚ್ ಹಿಡಿದು ಕಂಬ ಕಂಬ ನೋಡುತ್ತಾ ಹೋದರೆ ಬೆಳಗಾಗುತ್ತದೆ. ನೀವು ನಡುವಿನ ಜಿಒಎಸ್ ಸ್ವಿಚ್ ಇಳಿಸಿ ಲೈನನ್ನು ಎರಡು ತುಂಡು ಮಾಡುತ್ತೀರಿ. ಸ್ಟೇಷನ್ನಿನವರು ಮೊದಲ ತುಂಡಿಗೆ ಚಾರ್ಜ್ ಕೊಡುತ್ತಾರೆ. ಟ್ರಿಪ್ ಆಗಲಿಲ್ಲ. ಅಂದರೆ ದೋಷ ಇರುವುದು ಈಚೆ. ಹುಡುಕಾಟ ಅರ್ಧಕ್ಕಿಳಿಯಿತು. ಸ್ವಲ್ಪ ಹೊತ್ತಿಗೇ ಟಾರ್ಚಿನ ಬೆಳಕಿಗೆ ಸಿಕ್ಕಿತು: ಸಿಡಿದ ಪಿನ್ ಇನ್ಸುಲೇಟರ್, ಪಿಂಗಾಣಿ ಚೂರು ಹುಲ್ಲಿನಲ್ಲಿ, ತಂತಿ ಕ್ರಾಸ್ ಆರ್ಮ್ ಮೇಲೆ ಒರಗಿದೆ.

ಈಗ ಇಡೀ ಫೀಡರಿಗೆ ಎಲ್‌ಸಿ, ಅಂದರೆ ಕರೆಂಟ್ ಕಡಿದ ಖಾತ್ರಿ (ಲೈನ್ ಕ್ಲಿಯರ್), ಕೇಳಬೇಕು. ಕೇಳಿದರೆ, ಈಗಷ್ಟೇ ದೀಪ ಕಂಡ ಊರುಗಳು ಮತ್ತೆ ಕತ್ತಲಾಗುತ್ತವೆ, ಬೈಗುಳ ನಿಮಗೆ. ಕೇಳುತ್ತೀರಿ. ಎಲ್‌ಸಿ ನಂಬರ್ ಬರೆದುಕೊಳ್ಳುವಾಗ ಒದ್ದೆ ಬೆರಳಿಗೆ ಕಾಗದ ಅಂಟುತ್ತದೆ.

"ಎಲ್‌ಸಿ ಸಿಕ್ಕಿತಲ್ಲ, ಹತ್ತೋಣ," ಜೊತೆಯವನು ಆಗಲೇ ಬೆಲ್ಟ್ ಬಿಗಿಯುತ್ತಿದ್ದಾನೆ. ನಿಮ್ಮ ಕಣ್ಣು ಮಾತ್ರ ತೋಟದಾಚೆ ನೆಟ್ಟಿದೆ. ಸುತ್ತ ಎಲ್ಲ ಕಗ್ಗತ್ತಲು, ಒಂದು ಮನೆಯ ಕಿಟಕಿಯಲ್ಲಿ ಬೆಳಕಿದೆ. ಗಾಳಿ ತಗ್ಗಿದಾಗ ಅಲ್ಲಿಂದ ಗುಡುಗುಡು ಸದ್ದು.

ಡಿಸ್‌ಚಾರ್ಜ್ ರಾಡ್ ಬಿಚ್ಚುತ್ತೀರಿ. ಮೊದಲು ನೆಲ, ಆಮೇಲೆ ತಂತಿ. ಈ ಕ್ರಮ ತಪ್ಪುವಂತಿಲ್ಲ. ಕಬ್ಬಿಣದ ಗೂಟವನ್ನು ಒದ್ದೆ ಮಣ್ಣಿಗೆ ಹೊಡೆದು, ತಾಮ್ರದ ವೈರ್ ಬಿಗಿದು, ರಾಡ್ ಎತ್ತುತ್ತೀರಿ. ಗ್ಲೌಸಿನೊಳಗೆ ಅಂಗೈ ಬೆವರುತ್ತದೆ. ಕೊಕ್ಕೆ ತಂತಿಯ ಹತ್ತಿರ ಹೋಗುತ್ತದೆ. ಇನ್ನೊಂದು ಗೇಣು. ಇನ್ನೊಂದು ಬೆರಳು.

ಚಟ್!

ನೀಲಿ ಕಿಡಿ. ಸುಟ್ಟ ವಾಸನೆ. ಎದೆ ಧಸಕ್ ಎನ್ನುತ್ತದೆ, ಮೊಣಕಾಲು ಸಡಿಲ. ಕೈ ಬಿಡಬೇಡಿ. ಒತ್ತಿ ಹಿಡಿಯಿರಿ, ಸಿಕ್ಕಿಸಿ. ತೋಟದಾಚೆ ಜನರೇಟರ್ ಗೊರಗೊರ ಎಂದು ಉಸಿರು ಕಟ್ಟಿ ನಿಲ್ಲುತ್ತದೆ. ಕಿಟಕಿ ಕತ್ತಲಾಗುತ್ತದೆ.

ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ ಜನರೇಟರ್. ಮನೆಯ 230 ವೋಲ್ಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹರಿದು, ಟಿಸಿ ಎನ್ನುವ ಟ್ರಾನ್ಸ್‌ಫಾರ್ಮರನ್ನು ತಿರುವುಮುರುವಾಗಿ ದಾಟಿ, ಸಾವಿರಾರು ವೋಲ್ಟ್ ಆಗಿ ಈ ತಂತಿಗೆ ಬಂದಿತ್ತು. ಸ್ಟೇಷನ್ನಿನ ಎಲ್‌ಸಿ ಸುಳ್ಳಲ್ಲ. ಅದು ಅವರ ಕಡೆಯಿಂದ ಬರುವ ಕರೆಂಟಿನ ಮಾತು, ಅಷ್ಟೆ. ಜೊತೆಯವನು ಬೆಲ್ಟ್ ಹಿಡಿದುಕೊಂಡೇ ಕೆಸರಿನಲ್ಲಿ ಕುಕ್ಕರಿಸಿದ್ದಾನೆ.

ನೌಕರನ ಗಟ್ಟಿತನ ಎಂಬುದನ್ನು ನಾನು ಅಳೆಯುವುದು ಇಲ್ಲಿ: ಫೋನು, ಊರು, ಪಕ್ಕದವನು ಎಲ್ಲರೂ "ಬೇಗ" ಅನ್ನುವಾಗ ಕಾಲನ್ನು ನೆಲದ ಮೇಲೇ ಇಟ್ಟುಕೊಳ್ಳುವ ಶಕ್ತಿ. ಅದಕ್ಕೆ ಹಾಜರಿ ಪುಸ್ತಕದಲ್ಲಿ ಕಾಲಂ ಇಲ್ಲ.

ತೋಟದ ಮನೆಗೆ ಹೋಗುತ್ತೀರಿ. ಯಜಮಾನ ಹೆದರಿ ಬಾಗಿಲಲ್ಲೇ ನಿಂತಿದ್ದಾನೆ. ನೀವು ಕೂಗಾಡುವುದಿಲ್ಲ. ಜನರೇಟರಿನ ವೈರ್ ಬಿಚ್ಚಿಸಿ, ಚೇಂಜ್‌ಓವರ್ ಯಾಕೆ ಬೇಕು ಎಂದು ಅವನದೇ ಬೋರ್ಡಿನ ಮುಂದೆ ಬೆರಳಿಟ್ಟು ತೋರಿಸುತ್ತೀರಿ. ವಾಪಸ್ ಬಂದು ಕೆಟ್ಟ ಕಂಬದ ಎರಡೂ ಕಡೆ ಅರ್ತ್ ಮಾಡಿ ಹತ್ತುತ್ತೀರಿ. ಹೊಸ ಇನ್ಸುಲೇಟರ್ ಕೂರುತ್ತದೆ. ಇಳಿದು, ಅರ್ತ್ ತೆಗೆದು, ಜಿಒಎಸ್ ಏರಿಸಿ, ಜನ ಎಣಿಸಿ, ನಿಮ್ಮ ಬಾಯಿಂದಲೇ ಎಲ್‌ಸಿ ವಾಪಸ್ ಮಾಡುತ್ತೀರಿ.

ಆಮೇಲೆ ಯಾರೂ ಹೇಳದ ಒಂದು ಕೆಲಸ. ಆ ಮನೆಯ ಟಿಸಿ ಕಂಬಕ್ಕೆ ಕೆಂಪು ಬಣ್ಣದ ಪಟ್ಟೆ ಬಳಿಯುತ್ತೀರಿ, ನೋಟ್‌ಬುಕ್ಕಿನಲ್ಲಿ "ಜನರೇಟರ್ ಇದೆ" ಎಂದು ಬರೆಯುತ್ತೀರಿ. ಈ ಫೀಡರಿನಲ್ಲಿ ಇನ್ನೆಷ್ಟು ಜನರೇಟರ್ ಇವೆಯೋ, ನಾಳೆಯಿಂದ ಟಿಸಿ ಟಿಸಿಗೂ ಹೋಗಿ ಕೇಳಬೇಕು.