ಏನೂ ಮಾಡಲ್ಲ, ಬನ್ನಿ

1/6

ನಮ್ಮೂರುಗಳಲ್ಲಿ ಗೇಟಿನ ಒಳಗಡೆಯಿಂದ ಅತಿ ಹೆಚ್ಚು ಸಲ ಕೇಳಿಬರೋ ವಾಕ್ಯ ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಾನು ಯೋಚನೆ ಮಾಡದೇ ಹೇಳ್ತೀನಿ: ‘ಏನೂ ಮಾಡಲ್ಲ, ಬನ್ನಿ.’

ನೀವೂ ಕೇಳಿರ್ತೀರಿ. ನಾಯಿ ಸಾಕಿರೋರಾದ್ರೆ ಹೇಳಿಯೂ ಇರ್ತೀರಿ. ಒಳಗಡೆ ನಾಯಿ ಗೇಟಿನ ಮೇಲೆ ಎರಡು ಕಾಲಿಟ್ಟು ಊರು ಒಂದಾಗೋ ಹಾಗೆ ಬೊಗಳ್ತಾ ಇರುತ್ತೆ. ಹೊರಗಡೆ ಒಬ್ಬರು ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಬ್ಯಾಗು, ಒಂದು ಕೈಲಿ ಪಾರ್ಸೆಲ್ಲು, ಇನ್ನೊಂದು ಕೈಲಿ ಫೋನು ಹಿಡ್ಕೊಂಡು ನಿಂತಿರ್ತಾರೆ. ವರಾಂಡದಲ್ಲಿ ಚಪ್ಪಲಿ ಹುಡುಕ್ತಾ ಮನೆಯವರು ಕೂಗಿ ಹೇಳೋದು ಈ ಮಾತನ್ನೇ.

ಹೇಳೋರು ಸುಳ್ಳು ಹೇಳ್ತಿಲ್ಲ. ಅವರಿಗೆ ಅದು ನಿಜ. ಮಗು ಬಾಲ ಎಳೆದ್ರೂ ಸುಮ್ನಿರೋ ನಾಯಿ ಅದು. ರಾತ್ರಿ ಸೋಫಾ ಮೇಲೆ ಅಂಗಾತ ಮಲಗಿ ಹೊಟ್ಟೆ ಕೆರೆಸ್ಕೊಳ್ಳೋ ನಾಯಿ. ಆದ್ರೆ ಗೇಟಿನ ಆಚೆ ನಿಂತಿರೋರಿಗೆ ಆ ಸೋಫಾ ಕಾಣಲ್ಲ, ಹಲ್ಲು ಮಾತ್ರ ಕಾಣುತ್ತೆ.

ನಾನು ಇದನ್ನ ಬರೆಯೋಕೆ ಕಾರಣ ಇದೆ. ನಮ್ಮನೇಲಿ ನಾಯಿನೂ ಇದೆ, ಕೊರಿಯರ್ ಹುಡುಗನೂ ಇದಾನೆ. ನಾಯಿ ಹೆಸರು ಕರಿಯ, ಬೀದಿಯಿಂದ ಬಂದು ಮನೆ ಸೇರಿದ ನಾಟಿ ನಾಯಿ. ಕೊರಿಯರ್ ಹುಡುಗ ನನ್ನ ಅಣ್ಣ. ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ ಕಡೆ ಪಾರ್ಸೆಲ್ ಹಂಚ್ತಾನೆ. ಬೆಳಗ್ಗೆ ಅಣ್ಣನಿಗೆ ಟಾಟಾ ಮಾಡೋ ನಾಯಿಯೇ ಮಧ್ಯಾಹ್ನ ನಮ್ಮ ಮನೆಗೆ ಬರೋ ಇನ್ನೊಬ್ಬ ಕೊರಿಯರ್‌ನವನ ಮೇಲೆ ಎಗರೋಕೆ ಹೋಗುತ್ತೆ. ಹಾಗಾಗಿ ನಾನು ಯಾರ ಪರ ಅಂತ ಕೇಳ್ಬೇಡಿ. ಇಬ್ಬರ ಪರ ನಿಂತೇ ಈ ಆರು ಪೋಸ್ಟ್ ಬರೀತಿದೀನಿ.

2/6

ಮೊದಲು ನಾಯಿ ಕಡೆಯಿಂದ ನೋಡೋಣ. ಅದಕ್ಕೂ ಒಂದು ಲೆಕ್ಕ ಇದೆ.

ಗೇಟಿನ ಹತ್ರ ಯಾರೋ ಬರ್ತಾರೆ. ನಾಯಿ ಬೊಗಳುತ್ತೆ. ಅವರು ಪಾರ್ಸೆಲ್ ಕೊಟ್ಟು ಹೊರಟು ಹೋಗ್ತಾರೆ. ನಮ್ಮ ಪ್ರಕಾರ ಕೆಲಸ ಮುಗೀತು, ಹೋದ್ರು. ನಾಯಿ ಪ್ರಕಾರ: ‘ನಾನು ಬೊಗಳಿದೆ, ಅವನು ಓಡಿದ.’ ನಾಳೆ ಮತ್ತೆ ಬರ್ತಾರೆ, ಮತ್ತೆ ಬೊಗಳುತ್ತೆ, ಮತ್ತೆ ಹೋಗ್ತಾರೆ. ದಿನಾ ಯುದ್ಧ, ದಿನಾ ಗೆಲುವು. ಇಷ್ಟು ಸಲ ಗೆದ್ದಮೇಲೆ ಯಾವ ನಾಯಿ ತಾನೇ ಬೊಗಳೋದು ಬಿಡುತ್ತೆ ಹೇಳಿ?

ನೆಂಟರು ಬಂದ್ರೆ ಹೀಗಾಗಲ್ಲ. ಅವರು ಒಳಗೆ ಬರ್ತಾರೆ, ಕೂರ್ತಾರೆ, ಕಾಫಿ ಕುಡೀತಾರೆ. ನಾಯಿ ಮೂಸಿ ನೋಡಿ ಸುಮ್ಮನಾಗುತ್ತೆ. ಗೇಟಿನ ತನಕ ಬಂದು ಅಲ್ಲಿಂದಲೇ ವಾಪಸ್ ಹೋಗೋ ಮನುಷ್ಯನ ಪರಿಚಯ ಅದಕ್ಕೆ ಯಾವತ್ತೂ ಪೂರ್ತಿ ಆಗೋದೇ ಇಲ್ಲ. ಜೊತೆಗೆ ಹೆಲ್ಮೆಟ್ಟಿನಿಂದ ಮುಖ ಕಾಣಲ್ಲ, ಬೆನ್ನ ಮೇಲಿನ ಬ್ಯಾಗಿನಿಂದ ಆಕಾರವೇ ವಿಚಿತ್ರ, ಪ್ಯಾಂಟಿನಲ್ಲಿ ಬೇರೆ ಹತ್ತು ಮನೆ ನಾಯಿಗಳ ವಾಸನೆ.

ಇದು ಆ್ಯಪ್‌ಗಳ ಕಾಲದಲ್ಲಿ ಶುರುವಾಗಿದ್ದಲ್ಲ. ಅಂಚೆಯಣ್ಣ ಸೈಕಲ್ಲಿನಲ್ಲಿ ಬರ್ತಿದ್ದಾಗಲೂ ಇದೇ ಕಥೆ. ಅಮೆರಿಕದ ಅಂಚೆ ಇಲಾಖೆ ತನ್ನ ಸಿಬ್ಬಂದಿ ಮೇಲೆ ನಾಯಿ ಎರಗಿದ ಲೆಕ್ಕವನ್ನ ಪ್ರತಿವರ್ಷ ಪ್ರಕಟಿಸುತ್ತೆ. 2024ರಲ್ಲಿ ಅದು 6,000 ದಾಟಿತ್ತು.

ಬೊಗಳೋ ನಾಯಿ ಕಚ್ಚಲ್ಲ ಅನ್ನೋ ಗಾದೆ ನಂಬ್ಕೊಂಡು ಕೂರ್ಬೇಡಿ. ಬಾಲ ಅಲ್ಲಾಡಿಸ್ತಿದೆ ಅಂದ್ರೆ ಖುಷಿಯಾಗಿದೆ ಅಂತಾನೂ ಅಲ್ಲ. ಮೈ ಸೆಟೆದು ಬಾಲ ಮೇಲಕ್ಕೆತ್ತಿ ಚಿಕ್ಕದಾಗಿ ಅಲ್ಲಾಡಿಸ್ತಿದ್ರೆ, ಕಣ್ಣಿನ ಬಿಳಿ ಭಾಗ ಕಾಣ್ತಿದ್ರೆ, ಬೊಗಳ್ತಿದ್ದದ್ದು ತಟ್ಟನೆ ನಿಲ್ಲಿಸಿ ದಿಟ್ಟಿಸಿ ನೋಡಿದ್ರೆ, ಅದು ‘ಇನ್ನೊಂದು ಹೆಜ್ಜೆ ಮುಂದೆ ಬರ್ಬೇಡ’ ಅಂತ ಹೇಳ್ತಿದೆ. ಪಾಪ, ಅದರ ಭಾಷೇಲಿ ಅದು ಸರಿಯಾಗೇ ಹೇಳಿದೆ. ನಾವು ಅದರ ಪಕ್ಕದಲ್ಲೇ ನಿಂತು ‘ಬನ್ನಿ’ ಅಂತಿದೀವಿ.

3/6

ಈಗ ಗೇಟಿನ ಆಚೆ.

ನಿಮಗೆ ಒಂದು ಬೀದೀಲಿ ನಾಯಿ ಕಂಡ್ರೆ ಪಕ್ಕದ ಬೀದೀಲಿ ಹೋಗಬಹುದು. ಅಣ್ಣನಿಗೆ ಹಾಗಾಗಲ್ಲ. ವಿಳಾಸ ಅಲ್ಲೇ ಇದೆ, ಒಟಿಪಿ ಹೇಳೋರು ಒಳಗಿದಾರೆ. ಪಾರ್ಸೆಲ್ಲಿಗೆ ಇಷ್ಟು ಅಂತ ಅವನ ದುಡ್ಡು. ಕೊಡದೇ ವಾಪಸ್ ತಂದ್ರೆ ಆ ಓಡಾಟ ದಂಡ, ಮೇಲೆ ‘ಬರಲೇ ಇಲ್ಲ’ ಅಂತ ದೂರು ಬೇರೆ. ‘ನಾಯಿ ಕಟ್ಟಿ ಸಾರ್’ ಅಂತ ಕೇಳಬಹುದಲ್ವಾ ಅಂತೀರಾ? ಕೇಳ್ತಾನೆ. ಬಹಳಷ್ಟು ಜನ ಕಟ್ತಾರೆ ಕೂಡ. ಕೆಲವರಿಗೆ ಮಾತ್ರ ಅದು ತಮ್ಮ ನಾಯಿಗೆ ಮಾಡಿದ ಅವಮಾನದ ಹಾಗೆ ಕೇಳ್ಸುತ್ತೆ. ‘ಇಷ್ಟು ಹೆದರೋದಾದ್ರೆ ಈ ಕೆಲಸಕ್ಕೆ ಯಾಕಪ್ಪಾ ಬಂದೆ’ ಅಂತ ನಗ್ತಾರೆ.

ಹಾಗಾಗಿ ಅವನದೇ ಒಂದಷ್ಟು ಉಪಾಯ ಇದೆ. ಗೇಟ್ ಮುಟ್ಟೋ ಮುಂಚೆ ಬೈಕಿನ ಕೀಲಿಯಿಂದ ಸದ್ದು ಮಾಡ್ತಾನೆ. ಸದ್ದಿಲ್ಲದೇ ಹೋಗಿ ಮಲಗಿದ್ದ ನಾಯಿನ ಬೆಚ್ಚಿಬೀಳಿಸೋದಕ್ಕಿಂತ ಅದು ಮೊದಲೇ ಬೊಗಳೋದು ವಾಸಿ ಅಂತಾನೆ. ಹೆಲ್ಮೆಟ್ ತೆಗೆದು ಮುಖ ತೋರಿಸ್ತಾನೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ, ಬೆನ್ನು ತಿರುಗಿಸಿ ಓಡಲ್ಲ. ನಾಯಿ ಹತ್ರ ಬಂದ್ರೆ ಬ್ಯಾಗನ್ನ ಕಾಲಿನ ಮುಂದೆ ಹಿಡ್ಕೊಂಡು ಮೆಲ್ಲಗೆ ಹಿಂದೆ ಸರೀತಾನೆ. ಅರ್ಧ ಬಡಾವಣೆ ನಾಯಿಗಳ ಹೆಸರು ಅವನಿಗೆ ಬಾಯಿಪಾಠ. ಮನೆಯವರ ಹೆಸರು ಮರೀತಾನೆ, ಬ್ರೂನೋ ಕಾರಿನ ಕೆಳಗೆ ಮಲಗಿರ್ತಾನೆ ಅನ್ನೋದು ಮರೆಯಲ್ಲ.

ಇದೆಲ್ಲ ರಸ್ತೆ ಪಕ್ಕದ ಮನೆಗಳಲ್ಲಿ ನಡೆಯುತ್ತೆ. ಅಪಾರ್ಟ್‌ಮೆಂಟಿನ ಮೂರನೇ ಮಹಡೀಲಿ ಹಿಂದೆ ಸರಿಯೋಕೆ ಜಾಗ ಎಲ್ಲಿರುತ್ತೆ? 2023ರ ಜನವರಿಯಲ್ಲಿ ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ ಊಟ ತಲುಪಿಸೋಕೆ ಹೋದ 23 ವರ್ಷದ ಹುಡುಗ, ಬಾಗಿಲು ತೆಗೆದ ಕೂಡ್ಲೇ ನುಗ್ಗಿ ಬಂದ ಜರ್ಮನ್ ಶೆಫರ್ಡ್‌ನಿಂದ ತಪ್ಪಿಸಿಕೊಳ್ಳೋಕೆ ಹೋಗಿ ಮೂರನೇ ಮಹಡಿಯಿಂದ ಬಿದ್ದ. ಕೆಲವು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಅದೇ ವರ್ಷ ಮೇ ತಿಂಗಳಲ್ಲಿ ಅದೇ ಊರಿನ ಮಣಿಕೊಂಡದಲ್ಲಿ ಹಾಸಿಗೆ ತಲುಪಿಸೋಕೆ ಹೋದ ಇನ್ನೊಬ್ಬರು ಡಾಬರ್‌ಮನ್‌ಗೆ ಹೆದರಿ ಮೂರನೇ ಮಹಡಿಯಿಂದ ಹಾರಿದ್ರು. ಗಾಯಗೊಂಡು ಬದುಕಿದ್ರು.

ಆ ಹುಡುಗ ಸತ್ತಿದ್ದು ಹಲ್ಲಿನಿಂದ ಅಲ್ಲ, ಬಿದ್ದು. ಬಾಗಿಲು ತೆಗೆಯೋ ಮುಂಚೆ ನಾಯಿನ ಒಂದು ರೂಮಿನಲ್ಲಿ ಕೂಡಿ ಹಾಕೋಕೆ ಎಷ್ಟು ಹೊತ್ತು ಬೇಕು, ನೀವೇ ಹೇಳಿ.

4/6

ಅಣ್ಣನಿಗೆ ಕಚ್ಚಿದ್ದು ಹೋದ ವರ್ಷ. ಯಾವ ಮನೆ, ಯಾರು ಅನ್ನೋದು ಇಲ್ಲಿ ಬೇಡ. ಗೇಟಿನ ಚಿಲಕ ಹಾಕಿರಲಿಲ್ಲ. ಬೊಗಳಲೂ ಇಲ್ಲ, ಪಕ್ಕದಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕ್ತು. ರಕ್ತ ಬಂತು. ಮನೆಯವರು ಒಳ್ಳೆಯವರೇ, ಗಾಬರಿಯಾದ್ರು, ನೀರು ಕೊಟ್ರು. ಆದ್ರೆ ಅವರು ಹೇಳಿದ ಎರಡು ಮಾತು ಅಣ್ಣ ಇವತ್ತಿಗೂ ಮರೆತಿಲ್ಲ. ಒಂದು: ‘ಇವತ್ತೇ ಮೊದಲ ಸಲ ಹೀಗೆ ಮಾಡಿದ್ದು.’ ಇನ್ನೊಂದು: ‘ನೀವು ಹೆದರಿದ್ರಿ, ಅದಕ್ಕೇ.’ ನಾಯಿಗೆ ಲಸಿಕೆ ಹಾಕ್ಸಿದೀರಾ ಅಂತ ಕೇಳಿದ್ರೆ ಹಾಕ್ಸಿದೀವಿ ಅಂದ್ರು, ಕಾರ್ಡು ಸಿಗಲಿಲ್ಲ.

ರೇಬಿಸ್ ಬಗ್ಗೆ ಒಂದೇ ಮಾತು ನೆನಪಿಟ್ಕೊಳ್ಳಿ: ಲಕ್ಷಣ ಶುರುವಾದ್ಮೇಲೆ ಉಳಿಯೋದು ಇಲ್ಲವೇ ಇಲ್ಲ ಅನ್ನೋವಷ್ಟು ಅಪರೂಪ. ಅದಕ್ಕೂ ಮುಂಚೆ ಸರಿಯಾಗಿ ಚಿಕಿತ್ಸೆ ತಗೊಂಡ್ರೆ ತಡೆಯಬಹುದು. ಗಾಯಾನ ತಕ್ಷಣ ಸೋಪು, ಹರಿಯೋ ನೀರಿನಲ್ಲಿ 15 ನಿಮಿಷ ತೊಳೀಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಹಚ್ಚಬಾರದು. ಅವತ್ತೇ ಆಸ್ಪತ್ರೆಗೆ ಹೋಗ್ಬೇಕು. ರಕ್ತ ಬಂದಿದ್ರೆ ಲಸಿಕೆ ಜೊತೆ ಗಾಯದ ಸುತ್ತಾನೇ ಇಮ್ಯುನೊಗ್ಲಾಬ್ಯುಲಿನ್ ಚುಚ್ತಾರೆ. ಅದು ನೋವಾಗುತ್ತೆ. ಅಣ್ಣ ಕಣ್ಣಲ್ಲಿ ನೀರು ಹಾಕಿದ್ದು ನಾನು ನೋಡಿದ್ದು ಅವತ್ತೇ.

ಸರ್ಕಾರಿ ಆಸ್ಪತ್ರೇಲಿ ಚರ್ಮಕ್ಕೆ ಕೊಡೋ ಲಸಿಕೆಗೆ 0, 3, 7, 28ನೇ ದಿನ ಹೋಗ್ಬೇಕು. ಸ್ನಾಯುವಿಗೆ ಕೊಡೋದಾದ್ರೆ 14ನೇ ದಿನವೂ ಸೇರಿ ಐದು. ಅಣ್ಣನದು ನಾಲ್ಕು. ನಾಲ್ಕು ಬೆಳಗ್ಗೆ ಸಾಲಲ್ಲಿ ನಿಂತ. ಆ ನಾಲ್ಕು ಬೆಳಗ್ಗೆಯ ಪಾರ್ಸೆಲ್ ದುಡ್ಡು ಯಾರೂ ಕೊಡಲಿಲ್ಲ.

ಕಚ್ಚಿದ ನಾಯಿ ಮೇಲೆ 10 ದಿನ ಕಣ್ಣಿಡಬೇಕು ಅಂತ ಡಾಕ್ಟ್ರು ಹೇಳಿದ್ರು. ಅಷ್ಟು ದಿನ ಅದು ಆರೋಗ್ಯವಾಗಿದ್ರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲ ಅಂತ ಅರ್ಥ. ಅಮ್ಮ ಅದನ್ನ ಕೇಳಿಸ್ಕೊಂಡಿದ್ದೇ ತಡ, ದಿನಾ ಸಂಜೆ ಆ ಮನೆಗೆ ಫೋನ್ ಮಾಡೋಕೆ ಶುರು ಮಾಡಿದ್ಲು. ‘ನಿಮ್ಮ ನಾಯಿ ಊಟ ಮಾಡ್ತಾ?’ ಅಷ್ಟೇ ಕೇಳೋದು. ಐದನೇ ದಿನದಿಂದ ಅವರು ಫೋನ್ ಎತ್ತೋದು ನಿಲ್ಲಿಸಿದ್ರು.

ಆಮೇಲೆ ಅಣ್ಣನೇ ಕೆಲಸ ಮುಗಿಸಿ ಆ ಬೀದಿಗೆ ಹೋಗಿ ಬರ್ತಿದ್ದ. ಗೇಟಿಗೆ ದೂರದಲ್ಲಿ ಬೈಕ್ ನಿಲ್ಲಿಸಿ ಹಾರ್ನ್ ಮಾಡ್ತಿದ್ದ. ನಾಯಿ ಬೊಗಳ್ತಿತ್ತು. ಬಂದು ಅಮ್ಮನಿಗೆ ‘ಚೆನ್ನಾಗಿ ಬೊಗಳ್ತಮ್ಮಾ’ ಅಂತ ಹೇಳ್ತಿದ್ದ. ಅಮ್ಮ ಅವತ್ತು ನಿದ್ದೆ ಮಾಡ್ತಿದ್ಲು. ತನ್ನ ಮಗನಿಗೆ ಕಚ್ಚಿದ ನಾಯಿ ಚೆನ್ನಾಗಿರಲಿ ಅಂತ ಆರು ದಿನ ದೇವರಿಗೆ ದೀಪ ಹಚ್ಚಿದ್ಲು ನಮ್ಮಮ್ಮ.

5/6

ಕಾನೂನು ಏನು ಹೇಳುತ್ತೆ ಅಂತ ಕ್ಲಾಸಿನಲ್ಲಿ ಇಬ್ಬರು ಕೇಳಿದ್ರಿ. ಚಿಕ್ಕದಾಗಿ ಹೇಳ್ತೀನಿ.

2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದಕ್ಕೇ ಇದೆ. ತನ್ನ ವಶದಲ್ಲಿರೋ ಪ್ರಾಣಿಯಿಂದ ಇನ್ನೊಬ್ಬರ ಜೀವಕ್ಕೆ ಅಥವಾ ದೇಹಕ್ಕೆ ಅಪಾಯ ಆಗದ ಹಾಗೆ ಎಚ್ಚರ ವಹಿಸದೇ ಇದ್ರೆ 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ ಐಪಿಸಿಯಲ್ಲಿ ಇದು 289ನೇ ಸೆಕ್ಷನ್ ಆಗಿತ್ತು, ದಂಡ 1,000 ರೂಪಾಯಿವರೆಗೆ. ಗಮನಿಸಿ, ಕಾನೂನು ಕೇಳೋದು ನಾಯಿ ಜಾತಿ ಯಾವುದು ಅಂತ ಅಲ್ಲ, ನೀವು ಎಚ್ಚರ ವಹಿಸಿದ್ರಾ ಅಂತ. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಹಾಕಿ, ಹಿಂದೇನೇ ಚಿಲಕ ತೆಗೆದಿಟ್ರೆ ಎಚ್ಚರಿಕೆ ವಹಿಸಿದ್ದು ಬೋರ್ಡ್ ಬರೆದವನು ಮಾತ್ರ.

ಗಿಗ್ ಕಾರ್ಮಿಕರಿಗಾಗಿ ನಮ್ಮ ರಾಜ್ಯ ಒಂದಷ್ಟು ಮಾಡಿದೆ. 2023ರ ಬಜೆಟ್ಟಿನಲ್ಲಿ 2 ಲಕ್ಷದ ಜೀವ ವಿಮೆ, 2 ಲಕ್ಷದ ಅಪಘಾತ ವಿಮೆ ಘೋಷಿಸಿದ್ರು. 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆ ಅಂತಲೇ ಕಾಯ್ದೆ ಬಂತು. ನಿಮ್ಮ ಮನೆಯಲ್ಲಿ ಯಾರಾದ್ರೂ ಈ ಕೆಲಸ ಮಾಡ್ತಿದ್ರೆ ನೋಂದಣಿ ಮಾಡಿಸಿದಾರಾ ಅಂತ ಇವತ್ತೇ ಕೇಳಿ.

ಅಣ್ಣ ದೂರು ಕೊಡಲಿಲ್ಲ. ‘ನಾಳೆ ಅದೇ ಬೀದಿಗೆ ಹೋಗ್ಬೇಕಲ್ವಾ’ ಅಂದ. ನನಗೆ ಆಗ ಸಿಟ್ಟು ಬಂತು. ಈಗಲೂ ಬರುತ್ತೆ. ಆದ್ರೆ ಆ ಒಂದು ಮಾತಿನಲ್ಲಿ ಅವನ ಕೆಲಸದ ಪೂರ್ತಿ ಸ್ಥಿತಿ ಇದೆ. ಕಚ್ಚಿಸ್ಕೊಂಡವನೇ ನಾಳೆ ಆ ಗೇಟಿನ ಮುಂದೆ ನಿಂತು ‘ಮೇಡಂ, ಒಟಿಪಿ’ ಅನ್ಬೇಕು.

6/6

ಇಷ್ಟು ಓದಿದ್ರಿ, ಇನ್ನು ಮಾಡೋ ಕೆಲಸ. ಯಾವುದಕ್ಕೂ ದುಡ್ಡು ಜಾಸ್ತಿ ಬೇಡ.

ಆರ್ಡರ್ ಬರ್ತಿದೆ ಅಂತ ಫೋನು ಮೊದಲೇ ಹೇಳುತ್ತೆ. ಆಗಲೇ ನಾಯಿನ ಒಳಗೆ ಕರ್ಕೊಳ್ಳಿ ಅಥವಾ ಕಟ್ಟಿ. ಬೆಲ್ ಆದ್ಮೇಲೆ ಕಾಲರ್ ಹಿಡ್ಕೊಂಡು ಬಾಗಿಲು ತೆಗೆಯೋದು ಕಟ್ಟಿದ ಹಾಗಲ್ಲ. ಕೈ ಜಾರುತ್ತೆ.

ವಿಳಾಸದ ಕೆಳಗೆ ಸೂಚನೆ ಬರೆಯೋ ಜಾಗ ಇರುತ್ತೆ. ‘ನಾಯಿ ಇದೆ, ಗೇಟ್ ತೆಗೀಬೇಡಿ, ಕಾಲ್ ಮಾಡಿ’ ಅಂತ ಬರೀರಿ.

ಮೇಲಿನ ಮಹಡಿಯವರು ತರಕಾರಿಯವರಿಗೆ ಹಗ್ಗ ಕಟ್ಟಿ ಬುಟ್ಟಿ ಇಳಿಸ್ತಿದ್ದದ್ದು ನೆನಪಿದೆಯಾ? ಸರಸ್ವತಿಪುರಂನಲ್ಲಿ ಒಬ್ಬ ಅಜ್ಜಿ ಈಗಲೂ ಪಾರ್ಸೆಲ್ಲಿಗೆ ಅದೇ ಬುಟ್ಟಿ ಇಳಿಸ್ತಾರೆ. ಅಣ್ಣನ ಪ್ರಕಾರ ಇಡೀ ಮೈಸೂರಿನಲ್ಲಿ ಅದಕ್ಕಿಂತ ಒಳ್ಳೆ ತಂತ್ರಜ್ಞಾನ ಇಲ್ಲ. ಕೆಳಗಿನ ಮನೆಯವರು ಗೇಟಿನ ಹೊರಗೆ ಒಂದು ಡಬ್ಬ ಇಟ್ರೂ ಸಾಕು.

ಲಸಿಕೆ ಕಾರ್ಡಿನ ಫೋಟೋ ಫೋನಿನಲ್ಲಿರಲಿ. ಮರಿಗೆ ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ ಅಂತ ನಮ್ಮ ಪಶುವೈದ್ಯರು ಹೇಳ್ತಾರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಾರ್ಡ್ ತೋರ್ಸಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹತ್ತು ದಿನ ಫೋನ್ ಎತ್ತಿ. ದಯವಿಟ್ಟು ಎತ್ತಿ.

ನಾಯಿಗೂ ಲೆಕ್ಕ ಬದಲಾಯಿಸಿ. ಕರಿಯನಿಗೆ ನಾವು ಮಾಡಿದ್ದು ಇಷ್ಟೇ: ಬೆಲ್ ಆಯ್ತು ಅಂದ್ರೆ ಅಡುಗೆಮನೆಯ ಚಾಪೆ ಮೇಲೆ ಒಂದು ತುಂಡು ಚಪಾತಿ. ಮೊದಲು ಅಪ್ಪ ಸುಮ್ಸುಮ್ನೆ ಬೆಲ್ ಒತ್ತೋದು, ನಾನು ಚಪಾತಿ ಕೊಡೋದು. ಎರಡು ತಿಂಗಳು ಬೇಕಾಯ್ತು. ಈಗ ಬೆಲ್ ಆದ್ರೆ ಒಂದೆರಡು ಸಲ ಬೊಗಳಿ ತಾನೇ ಚಾಪೆ ಕಡೆ ಹೋಗ್ತಾನೆ. ನಾವು ಅಡುಗೆಮನೆ ಬಾಗಿಲು ಹಾಕಿ, ಆಮೇಲೆ ಗೇಟಿಗೆ ಹೋಗ್ತೀವಿ. ಚಪಾತಿ ಇಲ್ಲದ ದಿನ ಅವನನ್ನ ನಂಬೋ ಹಾಗಿಲ್ಲ, ಅದಕ್ಕೇ ಬಾಗಿಲು.

ನಿಮ್ಮ ನಾಯಿ ಒಳ್ಳೇದು ಅನ್ನೋದರ ಬಗ್ಗೆ ನನಗೆ ಅನುಮಾನ ಇಲ್ಲ. ಆದ್ರೆ ಅದು ನಿಮಗೆ ಗೊತ್ತಿರೋ ವಿಷಯ. ಗೇಟಿನ ಆಚೆ ನಿಂತವರು ಅದನ್ನ ತಮ್ಮ ಕಾಲು ಕೊಟ್ಟು ಪರೀಕ್ಷೆ ಮಾಡ್ಬೇಕಾಗಿಲ್ಲ. ಮುಂದಿನ ಸಲ ಬಾಯಿಗೆ ಆ ಹಳೇ ವಾಕ್ಯ ಬಂದ್ರೆ ನುಂಗ್ಕೊಂಡು ಇದನ್ನ ಹೇಳಿ ನೋಡಿ: ‘ಒಂದ್ನಿಮಿಷ ಇರಿ, ಕಟ್ಟಿ ಬರ್ತೀನಿ.’

ಮನೆಯಲ್ಲಿ ನಾಯಿ ಇರೋ ಒಬ್ಬರಿಗೆ ಇದನ್ನ ಕಳಿಸಿ. ಪಾರ್ಸೆಲ್ ತರೋ ಒಬ್ಬರಿಗೆ ನೀರು ಬೇಕಾ ಅಂತ ಕೇಳಿ.

#ಒಂದ್ನಿಮಿಷಇರಿ #ಕಟ್ಟಿಬರ್ತೀನಿ #ಕರಿಯ #ಮೈಸೂರು