ಕೆರೆಯಂಗಳದ ಅತಿಥಿ

ಪತ್ನಿಯ ಕಣ್ಣಿನ ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದ ತೀರ್ಥಹಳ್ಳಿಯ ನಿವೃತ್ತ ಮೇಷ್ಟರು ಮೆಜೆಸ್ಟಿಕ್ಕಿನ ವಸತಿಗೃಹವೊಂದರಲ್ಲಿ 3 ದಿನ ತಂಗಿದರು. ಕೋಣೆ ಚೊಕ್ಕಟವಾಗಿತ್ತು, ಹಾಸಿಗೆಯೂ ಮೆತ್ತಗಿತ್ತು. ಆದರೆ ಬಸ್ಸುಗಳ ಗದ್ದಲದಲ್ಲಿ ಇರುಳೆಲ್ಲ ನಿದ್ರೆಯಿಲ್ಲ. ಬೆಳಗಾದರೆ ನಲ್ಲಿಯಲ್ಲಿ ನೀರಿಲ್ಲ.

ಕಿಟಕಿಯೆದುರಿನ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರುಣಿಸಿದ ಕೆರೆಯದು. ಅದರ ದಂಡೆಯಲ್ಲಿ ಮಲಗಿ, ಸುಮಾರು 100 ಕಿಲೋಮೀಟರು ದೂರದಿಂದ 1974ರಿಂದೀಚೆಗೆ ನಗರಕ್ಕೆ ಬರುತ್ತಿರುವ ಕಾವೇರಿಗಾಗಿ ಕಾಯಬೇಕಾಯಿತಲ್ಲ ಎಂದು ಮೇಷ್ಟರಿಗೆ ನಗುವೂ ಬಂದಿತು, ಕೋಪವೂ ಬಂದಿತು.

ಹೊರಡುವಾಗ ಗುಮಾಸ್ತರು ಅಭಿಪ್ರಾಯದ ಪುಸ್ತಕವನ್ನು ಮುಂದಿಟ್ಟರು. ಮೇಷ್ಟರು ಲೇಖನಿ ಎತ್ತಿದರು. ಪಕ್ಕದಲ್ಲಿ ಕೋಣೆಗಳ ಕೆಲಸದ ತರುಣ ಪೆಟ್ಟಿಗೆ ಹಿಡಿದು ನಿಂತಿದ್ದ. ದಿನವೂ ನಸುಕಿನಲ್ಲಿ 3 ಮಹಡಿ ಹತ್ತಿ, ಕೇಳದೆಯೇ ಬಿಸಿನೀರಿನ ಬಕೆಟ್ಟು ತಂದಿಟ್ಟವನು ಅವನೇ.

“ದೂರು ಬರೆದರೆ ಬೈಗುಳ ತಿನ್ನುವವನು ಅವನೇ ಅಲ್ಲವೇ?” ಎಂದರು ಪತ್ನಿ, ಮೆಲ್ಲನೆ.

“ಬರೆಯದಿದ್ದರೆ ನಾಳೆಯೂ ಬಕೆಟ್ಟು ಹೊರುವವನು ಅವನೇ.”

ಕ್ಷಣಕಾಲ ಯೋಚಿಸಿ, ಪಾಠಶಾಲೆಯ ದುಂಡಕ್ಷರಗಳಲ್ಲಿ ಮೇಷ್ಟರು ಬರೆದರು: “ನಲ್ಲಿಯ ದೋಷ ಮಾಲೀಕರದು. ನಮಗೆ ನೀರು ದೊರೆತದ್ದು ಈ ತರುಣನಿಂದ.”

ಕೆಳಗೆ ರುಜು ಹಾಕಿ, ಊರಿನ ವಿಳಾಸವನ್ನೂ ಬರೆದರು.