ಕಡಲು ದಾಟಿದ ಅಲಸಂದೆ ವಡೆ

ಸಂಜೆಯಾದರೆ ಬ್ರೆಜಿಲ್‌ನ ಸಾಲ್ವಡಾರ್ ನಗರದ ಬೀದಿಗಳಲ್ಲಿ ತಾಳೆ ಎಣ್ಣೆಯ ಘಮಲು. ಬಿಳಿ ಲಂಗ, ತಲೆವಸ್ತ್ರ, ಮಣಿಸರ ತೊಟ್ಟ 'ಬಯಾನಾ' ಮಹಿಳೆಯರು ಅಕರಜೆ ಕರಿಯುವ ಹೊತ್ತದು. ಅಲಸಂದೆಯನ್ನು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ, ಉಪ್ಪಿನೊಡನೆ ರುಬ್ಬಿ ಕರಿದ ವಡೆಯಿದು. ಅದನ್ನು ಸೀಳಿ, ಬೆಂಡೆಕಾಯಿ ಪಲ್ಯ, ಒಣ ಸಿಗಡಿ, ಖಾರ ತುಂಬಿ ಕೊಡುತ್ತಾರೆ.

ಪಶ್ಚಿಮ ಆಫ್ರಿಕದ ಯೊರುಬಾ ಜನರ 'ಅಕಾರ'ವೇ ಇದರ ಮೂಲ. ಗುಲಾಮರಾಗಿ ಬಂದವರೊಡನೆ ಕಡಲು ದಾಟಿದ ಈ ತಿನಿಸು ಬಿರುಗಾಳಿಯ ದೇವತೆ ಇಯಾನ್ಸಾಳಿಗೆ ನೈವೇದ್ಯವೂ ಹೌದು. ಬೀದಿಯಲ್ಲಿ ತಿನಿಸು ಮಾರಿ, ಕಾಸು ಕೂಡಿಟ್ಟು, ತಮ್ಮ ಬಿಡುಗಡೆಯನ್ನೇ ಕೊಂಡ ಹೆಣ್ಣುಮಕ್ಕಳೂ ಇದ್ದರು.

2005ರಲ್ಲಿ ಬ್ರೆಜಿಲ್ ಸರ್ಕಾರ ಈ ಕಸುಬನ್ನು ರಾಷ್ಟ್ರೀಯ ಪರಂಪರೆಯೆಂದು ದಾಖಲಿಸಿತು. ಆದರೂ 2013ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಗಳ ವೇಳೆ ಕ್ರೀಡಾಂಗಣದ ಬಳಿ ಮಾರಾಟಕ್ಕೆ ಅಡ್ಡಿ ಬಂತು. ಬಯಾನಾಗಳು ಸುಮ್ಮನಿರಲಿಲ್ಲ, ಪ್ರತಿಭಟಿಸಿ ಅಲ್ಲಿಯೇ ಜಾಗ ಪಡೆದರು.